ಹಳಿ ಹೋದರೂ ಹಾದಿ ಉಳಿದ ಕಣಿವೆ



ನಿಮ್ಮಲ್ಲಿ ಹಲವರು ಈಗ ಅಮೆರಿಕದ ಪೂರ್ವ ಭಾಗದಲ್ಲಿ ನೆಲೆಸಿದ್ದೀರಿ. ರಜೆಯ ದಿನಗಳಲ್ಲಿ ಸೈಕಲ್ ಏರಿ, ಕಾಡಿನ ನಡುವಣ ಜಲ್ಲಿದಾರಿಗಳಲ್ಲಿ ಸುತ್ತಾಡಿ ಬಂದು ಚಿತ್ರಗಳನ್ನು ಕಳುಹಿಸುತ್ತೀರಿ. ‘ಮನುಷ್ಯನ ಕೈ ಸೋಕದ ಕಾಡು, ಮೇಷ್ಟ್ರೇ’ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಕಾಡು ಸೊಗಸಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆಯುಷ್ಯದ ಬಹುಭಾಗ ಸಮಾಜ ವಿಜ್ಞಾನವನ್ನು ಬೋಧಿಸಿದವನಿಗೆ ‘ಕೈ ಸೋಕದ’ ಎಂಬ ಮಾತು ಕಂಡೊಡನೆ ಕೆಂಪು ಶಾಯಿಯ ನೆನಪಾಗುತ್ತದೆ. ಆದ್ದರಿಂದ ಈ ಬಾರಿ ಪೆನ್ಸಿಲ್ವೇನಿಯಾ ರಾಜ್ಯದ ಪೈನ್ ಕ್ರೀಕ್ ಎಂಬ ಹೊಳೆಯ ಕಣಿವೆಯ ಇತಿಹಾಸವನ್ನು ಬರೆಯಲು ಕುಳಿತಿದ್ದೇನೆ.

ವೆಲ್ಸ್‌ಬರೋ ಪಟ್ಟಣದ ಸಮೀಪದಿಂದ ಹೊರಟು ಜರ್ಸಿ ಶೋರ್ ಎಂಬ ಊರನ್ನು ಮುಟ್ಟುವ ಅಲ್ಲಿನ ಸೈಕಲ್ ಹಾದಿಯ ಉದ್ದ 62 ಮೈಲಿ, ಅಂದರೆ ಸುಮಾರು 100 ಕಿಲೋಮೀಟರ್. (ಹೆಸರಿನಲ್ಲಿ ‘ಶೋರ್’ ಇದ್ದರೂ ಅಲ್ಲಿ ಕಡಲಿಲ್ಲ, ಇರುವುದು ಸಸ್ಕ್ವೆಹನ್ನಾ ನದಿಯ ಪಶ್ಚಿಮ ಶಾಖೆಯ ದಡ.) ಹಾದಿಗೆ ಡಾಂಬರಿಲ್ಲ. ಸುಣ್ಣಕಲ್ಲನ್ನು ನುಣ್ಣಗೆ ಜಜ್ಜಿ, ಹಾಸಿ, ಗಟ್ಟಿಮಾಡಿದ್ದಾರೆ. ಕಾರು, ಲಾರಿಗಳಿಗೆ ಪ್ರವೇಶವಿಲ್ಲ. ಬಾಗಿದ ಹ್ಯಾಂಡಲ್ಲೂ ಅಗಲವಾದ ಟೈರುಗಳೂ ಇರುವ, ಈಗ ಎಲ್ಲರ ಬಾಯಲ್ಲಿರುವ ‘ಗ್ರಾವೆಲ್ ಬೈಕ್’ ಎಂಬ ಸೈಕಲ್ಲಿಗೆ ಹೇಳಿ ಮಾಡಿಸಿದ ದಾರಿ ಇದು.

ಈ ದಾರಿಯ ವಿಶೇಷವೆಂದರೆ ಅದರ ಸಮತೆ. ಇಕ್ಕೆಲಗಳಲ್ಲಿ ಬೆಟ್ಟಗಳು ಗೋಡೆಯಂತೆ ನಿಂತಿವೆ. ಕೆಲವೆಡೆ ಕಣಿವೆಯ ಆಳ 1,450 ಅಡಿ. ಆದರೂ ದಾರಿಯ ಏರು ಎಲ್ಲಿಯೂ ಶೇಕಡಾ 2ನ್ನು ಮೀರುವುದಿಲ್ಲ. ಮಕ್ಕಳೂ ನನ್ನ ವಯಸ್ಸಿನವರೂ ಏದುಸಿರಿಲ್ಲದೆ ಸಾಗಬಹುದು. ಬೆಟ್ಟಸೀಮೆಯಲ್ಲಿ ಇಂತಹ ದಾರಿ ತಾನಾಗಿ ಹುಟ್ಟುವುದಿಲ್ಲ. ಹಾಗಾದರೆ ಅದನ್ನು ಯಾರು ಮಾಡಿದರು, ಏತಕ್ಕಾಗಿ ಮಾಡಿದರು?

ಮೊದಲ ಕೆಲಸ ಹಿಮದ್ದು. ಒಂದು ಕಾಲದಲ್ಲಿ ಈ ಹೊಳೆಯ ಮೇಲ್ಭಾಗದ ನೀರು ಈಶಾನ್ಯಕ್ಕೆ ಹರಿಯುತ್ತಿತ್ತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಹಿಮರಾಶಿ ಮತ್ತು ಅದು ತಂದು ಸುರಿದ ಕಲ್ಲುಮಣ್ಣು ಆ ದಾರಿಗೆ ಅಡ್ಡಗಟ್ಟೆಯಾದವು. ನಿಂತ ನೀರು ಸರೋವರವಾಗಿ, ಉಕ್ಕಿ, ದಕ್ಷಿಣಕ್ಕೆ ಹೊಸ ದಾರಿ ಕೊರೆದುಕೊಂಡಿತು. ಮುಂದೆ ಸೆನೆಕಾ ಜನರು ಈ ಹೊಳೆಯ ಗುಂಟ ಕಾಲುದಾರಿ ಮಾಡಿಕೊಂಡು ಓಡಾಡಿದರು. 1784ರ ಸ್ಟ್ಯಾನ್‌ವಿಕ್ಸ್ ಕೋಟೆಯ ಒಪ್ಪಂದದ ತರುವಾಯ ಈ ಸೀಮೆ ಬಿಳಿಯರ ವಶವಾಯಿತು.

ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಬಿಳಿ ಪೈನ್ ಮರ. ಹಡಗುಗಳ ಕೂವೆಮರಕ್ಕೆ ಅಷ್ಟು ನೇರವಾದ, ಎತ್ತರವಾದ ಮರ ಬೇರೆಡೆ ಸಿಗುವುದು ಕಷ್ಟವಾಗಿತ್ತು. ಕಡಿದ ದಿಮ್ಮಿಗಳನ್ನು ಬೆಟ್ಟದಿಂದ ಉರುಳಿಸಿ, ಹಿಮ ಕರಗಿ ಹೊಳೆ ತುಂಬಿದಾಗ ತೇಲಿಬಿಡುತ್ತಿದ್ದರು. ಕೆಳಗೆ ವಿಲಿಯಮ್ಸ್‌ಪೋರ್ಟ್ ಪಟ್ಟಣದಲ್ಲಿ ನದಿಗೆ ಅಡ್ಡಲಾಗಿ ಮರದ ತೊಲೆಗಳ ಬೇಲಿ ಕಟ್ಟಿ ಅವುಗಳನ್ನು ತಡೆದು ಗರಗಸದ ಕಾರ್ಖಾನೆಗಳಿಗೆ ಸಾಗಿಸುತ್ತಿದ್ದರು. ಆ ಪಟ್ಟಣದಲ್ಲಿ ಲಕ್ಷಾಧೀಶರು ಎಷ್ಟಿದ್ದರೆಂದರೆ, ಅಲ್ಲಿನ ಪ್ರೌಢಶಾಲೆಯ ಆಟದ ತಂಡಗಳಿಗೆ ಇಂದಿಗೂ ‘ಮಿಲಿಯನೇರ್ಸ್’ ಎಂದೇ ಹೆಸರು.

ಪೈನ್ ಮುಗಿಯುತ್ತಾ ಬಂದಂತೆ ಹೆಮ್‌ಲಾಕ್ ಮರದ ಸರದಿ ಬಂದಿತು. ಅದರ ತೊಗಟೆ ಚರ್ಮ ಹದಮಾಡಲು ಬೇಕಾಗಿತ್ತು. ಮೊದಮೊದಲು ತೊಗಟೆ ಸುಲಿದು ಮರವನ್ನು ಕೊಳೆಯಲು ಬಿಟ್ಟದ್ದೂ ಉಂಟು. ಇನ್ನುಳಿದ ಗಟ್ಟಿ ಮರಗಳ ದಿಮ್ಮಿಗಳು ನೀರಿನಲ್ಲಿ ಸರಿಯಾಗಿ ತೇಲುತ್ತಿರಲಿಲ್ಲ. ತೇಲದ ಮರವನ್ನು ಸಾಗಿಸಲು ರೈಲು ಬೇಕು. ರೈಲಿಗೆ ಕಡಿದಾದ ಏರು ಆಗದು. ಹೊಳೆಯ ಅಂಚನ್ನು ಹಿಡಿದೇ ಹೋಗಬೇಕು. ಹೀಗೆ 1883ರಲ್ಲಿ ಜರ್ಸಿ ಶೋರ್, ಪೈನ್ ಕ್ರೀಕ್ ಮತ್ತು ಬಫಲೋ ರೈಲ್ವೆ ಈ ಕಣಿವೆಯೊಳಗೆ ಪ್ರವೇಶಿಸಿತು. ಇಂದು ಸೈಕಲ್ ಸವಾರರ ಕಾಲಿಗೆ ಹಿತವೆನಿಸುವ ಆ ಮೃದುವಾದ ಏರು ಕಲ್ಲಿದ್ದಲು ಮತ್ತು ಮರಮುಟ್ಟು ಹೊತ್ತ ಗಾಡಿಗಳಿಗಾಗಿ ಅಳೆದು ಮಾಡಿದ್ದು.

ಮುಖ್ಯ ಹಳಿಯಾದ ಮೇಲೆ ಪಕ್ಕದ ಸಣ್ಣ ಕಣಿವೆಗಳಿಗೂ ಮರ ಸಾಗಿಸುವ ಹಳಿಗಳು ಕವಲೊಡೆದವು. ಹೊಳೆಯ ನೀರಿಗಾಗಿ ಕಾಯುವ ಅಗತ್ಯ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಬೆಟ್ಟಗಳು ಬೋಳಾದವು. ಬಿಟ್ಟುಹೋದ ಒಣ ರೆಂಬೆಗಳಿಗೆ ಕಿಡಿ ತಗುಲಿ ಕಾಡ್ಗಿಚ್ಚು ಹಬ್ಬಿತು. ಬೇರಿನ ಹಿಡಿತವಿಲ್ಲದ ಮಣ್ಣು ಮಳೆಗೆ ಜಾರಿತು. ಜಿಂಕೆಯೂ ಕಾಣಸಿಗದಾಯಿತು. ಜನ ಆ ಸೀಮೆಯನ್ನು ‘ಪೆನ್ಸಿಲ್ವೇನಿಯಾದ ಮರುಭೂಮಿ’ ಎಂದು ಕರೆದರು. ಮರ ಮುಗಿದೊಡನೆ ಕಂಪನಿಗಳೂ ಹೊರಟುಹೋದವು. ಬೋಳು ನೆಲಕ್ಕೆ ಯಾರು ಕಂದಾಯ ಕಟ್ಟಿಯಾರು?

ಇಲ್ಲಿಂದ ಮುಂದಿನ ಭಾಗವನ್ನು ನೀವು ಗಮನವಿಟ್ಟು ಓದಬೇಕು. ಕಾಡು ಮರಳಿ ಬಂದದ್ದು ಕಾಲದ ಮಹಿಮೆಯಿಂದ ಮಾತ್ರವಲ್ಲ. ಜೋಸೆಫ್ ರಾತ್‌ರಾಕ್ ಎಂಬ ವೈದ್ಯ, ಸಸ್ಯಶಾಸ್ತ್ರಜ್ಞ, 1895ರಲ್ಲಿ ಆ ರಾಜ್ಯದ ಮೊದಲ ಅರಣ್ಯ ಆಯುಕ್ತರಾದರು. ಊರೂರು ತಿರುಗಿ ಬೋಳುಬೆಟ್ಟಗಳ ಛಾಯಾಚಿತ್ರಗಳನ್ನು ತೋರಿಸಿ ಜನರನ್ನು ಎಚ್ಚರಿಸಿದರು. 1897ರಲ್ಲಿ ಕಾಯಿದೆಯಾಗಿ, ಯಾರಿಗೂ ಬೇಡವಾದ ನೆಲವನ್ನು ಸರ್ಕಾರವೇ ಕೊಳ್ಳತೊಡಗಿತು. 1903ರಲ್ಲಿ ಮಾಂಟ್ ಆಲ್ಟೊ ಎಂಬಲ್ಲಿ ಅರಣ್ಯಪಾಲಕರಿಗಾಗಿ ಶಾಲೆಯೊಂದು ತೆರೆಯಿತು. ಇಂದು ಆ ರಾಜ್ಯದ ಸರ್ಕಾರಿ ಅರಣ್ಯ ಸುಮಾರು 22 ಲಕ್ಷ ಎಕರೆ. ಮರದ ವ್ಯಾಪಾರದಿಂದಲೇ ಸಿರಿವಂತರಾದ ಲಿಯೊನಾರ್ಡ್ ಹ್ಯಾರಿಸನ್ ಎಂಬವರು 1922ರಲ್ಲಿ ಕಣಿವೆಯಂಚಿನ 121 ಎಕರೆಯನ್ನು ಉದ್ಯಾನಕ್ಕಾಗಿ ರಾಜ್ಯಕ್ಕೆ ದಾನವಾಗಿತ್ತರು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರನ್ನು ಅಧ್ಯಕ್ಷ ರೂಸ್‌ವೆಲ್ಟ್‌ ಅವರ ಸರ್ಕಾರ ‘ಸಿವಿಲಿಯನ್ ಕನ್ಸರ್ವೇಷನ್ ಕೋರ್’ ಎಂಬ ದಳದಲ್ಲಿ ಸೇರಿಸಿಕೊಂಡಿತು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ. ಆ ಹುಡುಗರು ಸಸಿ ನೆಟ್ಟರು, ಬೆಂಕಿ ಆರಿಸಿದರು, ಕಣಿವೆಯ ಪಶ್ಚಿಮದಂಚಿನ ಕೋಲ್ಟನ್ ಪಾಯಿಂಟ್ ಉದ್ಯಾನವನ್ನು ಕಟ್ಟಿದರು. ಎದುರು ದಡದ ಹ್ಯಾರಿಸನ್ ಉದ್ಯಾನದಲ್ಲಿ ಅಂತಹ ಕೆಲಸಗಾರ ಹುಡುಗನೊಬ್ಬನ ಪ್ರತಿಮೆಯಿದೆ. ಸೇನಾಪತಿಗಳ ಪ್ರತಿಮೆಗಳು ಎಲ್ಲೆಡೆಯೂ ಉಂಟು. ಸಸಿ ನೆಟ್ಟ ಕೂಲಿಯವನದು ಅಪರೂಪ.

ರೈಲು ಮಾತ್ರ ಇದೆಲ್ಲದರ ನಡುವೆ ಓಡುತ್ತಲೇ ಇತ್ತು. ಕೈಯಿಂದ ಕೈಗೆ ಬದಲಾಗುತ್ತಾ ಕೊನೆಗೆ 1976ರಲ್ಲಿ ಕಾನ್‌ರೈಲ್ ಸಂಸ್ಥೆಗೆ ಸೇರಿತು. ಹೆದ್ದಾರಿಗಳ ಲಾರಿಗಳ ಮುಂದೆ ಇಂತಹ ಮಾರ್ಗಗಳು ದೇಶದಾದ್ಯಂತ ಸೋಲುತ್ತಿದ್ದ ಕಾಲವದು. 1988ರ ಅಕ್ಟೋಬರ್ 7ರಂದು ಕಣಿವೆಯಲ್ಲಿ ಕೊನೆಯ ಗಾಡಿ ಓಡಿತು.

ಹಳಿ ಕಿತ್ತ ಮೇಲೆ ಆ ನೆಲ ಏನಾಗಬೇಕು? ರೈಲುದಾರಿಯ ಬೆಲೆ ಇರುವುದು ಅದರ ಅಖಂಡತೆಯಲ್ಲಿ. ನೂರು ಕಿಲೋಮೀಟರಿನ ಪಟ್ಟಿಯಲ್ಲಿ ನಡುವೆ ನಾಲ್ಕು ಕಡೆ ಬೇಲಿ ಬಿದ್ದರೆ ಅದು ದಾರಿಯಾಗಿ ಉಳಿಯುವುದಿಲ್ಲ. ಮತ್ತೆ ಜೋಡಿಸುವುದೂ ಸುಲಭವಲ್ಲ. ವಿಸ್ಕಾನ್ಸಿನ್ ರಾಜ್ಯದವರು ಎಲ್ರಾಯ್‌ನಿಂದ ಸ್ಪಾರ್ಟಾವರೆಗಿನ ಹಳೆಯ ಮಾರ್ಗವನ್ನು 1960ರ ದಶಕದಲ್ಲಿಯೇ ಸೈಕಲ್ ಹಾದಿಯಾಗಿಸಿ ಮೇಲ್ಪಂಕ್ತಿ ಹಾಕಿದ್ದರು. 1983ರಲ್ಲಿ ಅಮೆರಿಕದ ಸಂಸತ್ತು ಕಾಯಿದೆಯೊಂದಕ್ಕೆ ತಿದ್ದುಪಡಿ ತಂದು, ಬಳಕೆ ನಿಂತ ಮಾರ್ಗವನ್ನು ಮುಂದೆಂದಾದರೂ ರೈಲಿಗೆ ಬೇಕಾದೀತೆಂದು ತುಂಡಾಗದಂತೆ ಕಾಯ್ದಿಟ್ಟು, ಅಲ್ಲಿಯವರೆಗೆ ಸೈಕಲ್ಲಿಗೂ ನಡಿಗೆಗೂ ಕೊಡಲು ಅವಕಾಶ ಕಲ್ಪಿಸಿತು. ನೆಲ ತಮಗೆ ಮರಳಬೇಕೆಂದು ಭೂಮಾಲೀಕರು ಹೂಡಿದ ಮೊಕದ್ದಮೆಯೊಂದರಲ್ಲಿ 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಭೂಮಾಲೀಕರ ವಾದವನ್ನೂ ಹಗುರವಾಗಿ ಕಾಣುವಂತಿಲ್ಲ. ಅಜ್ಜ ರೈಲಿಗೆಂದು ಬಿಟ್ಟುಕೊಟ್ಟ ನೆಲದಲ್ಲಿ ರೈಲಿಲ್ಲದ ಮೇಲೆ ಮೊಮ್ಮಗ ಕೇಳುವುದು ಸಹಜವೇ. ಪೈನ್ ಕ್ರೀಕಿನ ಮಾರ್ಗವು ರಾಜ್ಯದ ಪಾಲಾಗಿ, ಹಾದಿಯ ಮೊದಲ ಭಾಗ 1996ರಲ್ಲಿ ತೆರೆಯಿತು. ಉಳಿದದ್ದು ಹಂತಹಂತವಾಗಿ ಕೂಡಿಕೊಂಡಿತು. ಈ ನಡುವೆ, 1980ರ ದಶಕದಲ್ಲಿ, ಹೊಳೆಗೆ ನೀರುನಾಯಿಗಳನ್ನು ತಂದು ಬಿಟ್ಟಿದ್ದರು, ಅವು ನೆಲೆಯೂರಿವೆ.

ಇಷ್ಟಾದರೂ ಕಥೆ ಮುಗಿಯಿತೆಂದು ಭಾವಿಸಬೇಡಿ. ಏಷ್ಯಾದಿಂದ ಬಂದ, ಬಿಳಿ ಉಣ್ಣೆಯ ಹೊದಿಕೆಯಂತೆ ಕಾಣುವ ಸಣ್ಣದೊಂದು ಕೀಟ ಇಂದು ಹೆಮ್‌ಲಾಕ್ ಮರಗಳ ರಸ ಹೀರಿ ಒಣಗಿಸುತ್ತಿದೆ. ಈ ಮರವೇ ಪೆನ್ಸಿಲ್ವೇನಿಯಾದ ರಾಜ್ಯವೃಕ್ಷ. 2008ರ ಆಸುಪಾಸಿನಿಂದ ಈ ಸೀಮೆಯ ಬೆಟ್ಟಗಳಡಿಯ ಮಾರ್ಸೆಲಸ್ ಶಿಲಾಪದರದಿಂದ ನೈಸರ್ಗಿಕ ಅನಿಲ ತೆಗೆಯುವ ಕೆಲಸ ಭರದಿಂದ ನಡೆದು, ಹೊಳೆಯ ಜಲಾನಯನದೊಳಗೂ ಬಾವಿಗಳು, ಕೊಳವೆಮಾರ್ಗಗಳು ಬಂದಿವೆ. ಅಲ್ಲಿನವರಿಗೆ ಅದರಿಂದ ಉದ್ಯೋಗ, ಆದಾಯ ದೊರೆತದ್ದೂ ನಿಜ. ನೂರು ವರ್ಷಗಳ ಹಿಂದೆ ಮರ ಕಡಿದವರ ಮನೆಗಳಲ್ಲಿಯೂ ಅದೇ ಕಾರಣಕ್ಕೆ ಒಲೆ ಉರಿದಿತ್ತು. ಕಣಿವೆ ಎಷ್ಟು ಕೊಡಬಲ್ಲದು, ಕೊಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಪ್ರತಿ ತಲೆಮಾರೂ ಹೊಸದಾಗಿ ಉತ್ತರಿಸಬೇಕಾಗುತ್ತದೆ.

ಅಲ್ಲಿಗೆ ಹೋಗುವವರು ಆನ್ಸೋನಿಯಾದಿಂದ ಬ್ಲ್ಯಾಕ್‌ವೆಲ್‌ವರೆಗಿನ ಭಾಗವನ್ನು ತಪ್ಪಿಸಿಕೊಳ್ಳಬೇಡಿ. ಕಣಿವೆ ಅಲ್ಲಿಯೇ ಹೆಚ್ಚು ಆಳವೂ ನಿರ್ಜನವೂ ಆಗಿದೆ. ನೀರನ್ನು ಜೊತೆಗೊಯ್ಯಿರಿ. ದಾರಿಯಲ್ಲೊಮ್ಮೆ ಸೈಕಲ್ ನಿಲ್ಲಿಸಿ, ಮಕ್ಕಳಿಗೆ ಸುತ್ತಲಿನ ಮರಗಳನ್ನು ತೋರಿಸಿ, ಅವುಗಳಲ್ಲಿ ಬಹುಪಾಲು ತಮ್ಮ ಮುತ್ತಜ್ಜನಿಗಿಂತ ಹೆಚ್ಚು ವಯಸ್ಸಿನವಲ್ಲವೆಂದು ತಿಳಿಸಿರಿ. ಏಕೆಂದು ಅವರು ಕೇಳುತ್ತಾರೆ. ಆಗ ರಾತ್‌ರಾಕರ ಹೆಸರನ್ನೂ, 30 ಡಾಲರಿನಲ್ಲಿ 25ನ್ನು ಮನೆಗೆ ಕಳುಹಿಸಿದ ಆ ಹುಡುಗರ ವಿಷಯವನ್ನೂ ಹೇಳಿರಿ.