ಕಿತ್ತ್ ಬಿಸಾಡುವ ಮೊದಲು: ದವಡೆ ಹಲ್ಲಿನ ಒಂದು ಚರಿತ್ರೆ

ಹಲ್ಲಿನ ವಿಷಯ ಬಂದರೆ ನಮ್ಮ ಕುಂದಾಪುರ ಕಡೆ ಕ್ರಿಯಾಪದ ಒಂದೇ, ಕೀಳಿಸುವುದು. ಕಣ್ಣಿಗೆ ಮದ್ದು ಬಿಡಿಸುತ್ತೇವೆ, ಮುರಿದ ಕೈಗೆ ಕಟ್ಟು ಹಾಕಿಸುತ್ತೇವೆ, ಜ್ವರಕ್ಕೆ ಇಂಜೆಕ್ಷನ್ ಕೊಡಿಸುತ್ತೇವೆ. ಹಲ್ಲಿಗೆ ಮಾತ್ರ ಚಿಕಿತ್ಸೆ ಎಂದರೆ ಅದನ್ನು ಬಾಯಿಂದ ಹೊರಗೆ ಹಾಕುವುದು. ಶಿರೂರಿನಿಂದ ಬ್ರಹ್ಮಾವರದವರೆಗೆ ಸುದ್ದಿಗೆಂದು ತಿರುಗುವಾಗ ಅರವತ್ತು ದಾಟಿದ ಎಷ್ಟೋ ಮಂದಿಯ ಎದುರು ಕೂತು ನಾವು ಮಾತಾಡಿದ್ದೇವೆ. ಮುಂದಿನ ಸಾಲು ಗಟ್ಟಿ ಇರುತ್ತದೆ, ಹಿಂದಿನ ದವಡೆ ಖಾಲಿ. ಚಕ್ಕುಲಿಯನ್ನು ಚಾದಲ್ಲಿ ಅದ್ದಿ ತಿನ್ನುತ್ತಾರೆ. ಕೇಳಿದರೆ, 'ಅಲ್ಲಾಡುಕ್ ಶುರುವಾಯ್ತ್, ಕಿತ್ತ್ ಬಿಸಾಡ್ದೆ' ಎನ್ನುತ್ತಾರೆ. ಹುಳುಕು ಹಿಡಿದ ಹಲ್ಲಲ್ಲ. ನೋಡಲು ಚೆನ್ನಾಗಿಯೇ ಇದ್ದ ಹಲ್ಲು, ಬುಡದ ಆಧಾರ ಹೋಗಿ ಬಿದ್ದದ್ದು.

ಮೊದಲು ಹೋಗುವುದು ದವಡೆ ಹಲ್ಲೇ ಯಾಕೆ ಎಂದು ತಿಳಿಯಲು ಅದರ ಬೇರು ನೋಡಬೇಕು. ಮುಂದಿನ ಹಲ್ಲಿಗೆ ಒಂದೇ ಬೇರು, ಗೂಟದ ಹಾಗೆ. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು, ಮೇಲಿನದಕ್ಕೆ ಮೂರು. ಈ ಬೇರುಗಳು ಒಡೆಯುವ ಜಾಗದಲ್ಲಿ ಒಂದು ಕವಲು ಇದೆ. ಪಂಚಗಂಗಾವಳಿಯ ಕುದ್ರುಗಳ ಅಂಚಿನಲ್ಲಿರುವ ಕಾಂಡ್ಲಾ ಗಿಡಗಳನ್ನು ಇಳಿತದ ಹೊತ್ತಿಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರುಗಳ ನಡುವಿನ ಕೆಸರು ಕೊಚ್ಚಿಹೋದರೆ ಗಿಡ ನಿಂತೇ ಇರುತ್ತದೆ, ಅಡಿಯಲ್ಲಿ ಮಾತ್ರ ಪೊಳ್ಳು. ವಸಡಿನ ರೋಗದಲ್ಲಿ ಕೊಚ್ಚಿಹೋಗುವುದು ಕೆಸರಲ್ಲ, ಮೂಳೆ. ಒಮ್ಮೆ ಕವಲು ತೆರೆದುಕೊಂಡರೆ ಅನ್ನದ ಅಗುಳು, ಪಾಚಿ, ಬ್ಯಾಕ್ಟೀರಿಯಾ ಎಲ್ಲ ಅದರೊಳಗೆ ಮನೆ ಮಾಡುತ್ತವೆ. ಬ್ರಷ್ ಅಲ್ಲಿಗೆ ತಲುಪುವುದಿಲ್ಲ.

ಇದು ಹೊಸ ಕಾಯಿಲೆಯಲ್ಲ. ಸುಶ್ರುತ ಸಂಹಿತೆಯಲ್ಲಿ ಹಲ್ಲಿನ ಮೂಲದ ರೋಗಗಳಿಗೇ ಒಂದು ಪ್ರತ್ಯೇಕ ಪಟ್ಟಿ ಇದೆ. ಶೀತಾದ, ದಂತವೇಷ್ಟ, ಉಪಕುಶ ಎಂಬ ಹೆಸರುಗಳ ಕೆಳಗೆ ರಕ್ತ ಒಸರುವ ವಸಡು, ಕೀವು, ಅಲ್ಲಾಡುವ ಹಲ್ಲು ಎಲ್ಲ ಬರುತ್ತವೆ. ಹಲ್ಲಿಗೆ ಗಟ್ಟಿಯಾಗಿ ಅಂಟಿದ ಪಾಚಿಗೆ ಅಲ್ಲಿ ದಂತಶರ್ಕರಾ ಎಂದು ಹೆಸರು. ಅದನ್ನು ಹಲ್ಲಿನ ಮೂಲಕ್ಕೆ ಪೆಟ್ಟಾಗದಂತೆ ಕೆರೆದು ತೆಗೆಯಬೇಕು ಎಂಬ ಸೂಚನೆಯೂ ಇದೆ. ಇವತ್ತು ಕ್ಲಿನಿಕ್ಕಿನಲ್ಲಿ 'ಕ್ಲೀನಿಂಗ್' ಎಂದು ಮಾಡುವ ಕೆಲಸದ ಮೂಲ ಸೂತ್ರ ಇದಕ್ಕಿಂತ ಬಹಳ ಬೇರೆಯಲ್ಲ. ಆದರೆ ಗ್ರಂಥದಲ್ಲಿ ಇದ್ದದ್ದು ಮನೆಯ ಬಚ್ಚಲಿಗೆ ಬರಲಿಲ್ಲ. ಬಚ್ಚಲಲ್ಲಿ ಇದ್ದದ್ದು ಉಮಿ ಸುಟ್ಟ ಮಸಿ, ಉಪ್ಪು, ಮಾವಿನ ಎಲೆ. ಬೆರಳಿಗೆ ಸಿಗುವಷ್ಟು ಭಾಗ ಬೆಳ್ಳಗಾಗುತ್ತಿತ್ತು. ಜೊತೆಗೆ ಊಟದ ಮೇಲೆ ಎಲೆ ಅಡಿಕೆ, ಸುಣ್ಣ, ಹೊಗೆಸೊಪ್ಪು. ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲಿ ವಸಡು ಕೆಳಗೆ ಸರಿದು ಬೇರು ಹೊರಗೆ ಕಾಣುವುದನ್ನು ಯಾವ ದಂತವೈದ್ಯರೂ ತೋರಿಸಿಯಾರು.

ಪಶ್ಚಿಮದಲ್ಲಿಯೂ ಕಥೆ ನೇರವಾಗಿ ಸಾಗಿಲ್ಲ. ಅಮೆರಿಕದ ಹಾರ್ಟ್‌ಫರ್ಡಿನ ಜಾನ್ ರಿಗ್ಸ್ ಹತ್ತೊಂಬತ್ತನೇ ಶತಮಾನದಲ್ಲಿಯೇ ಬೇರಿನ ಮೇಲಿನ ಪಾಚಿ ಕೆರೆದು ಹಲ್ಲು ಉಳಿಸಬಹುದು ಎಂದು ಮಾಡಿ ತೋರಿಸಿದ್ದ. ವಸಡಿನ ರೋಗಕ್ಕೆ ಕೆಲಕಾಲ ಅವನ ಹೆಸರೇ ಇತ್ತು. ಆಮೇಲೆ ಬಂದ ಹೆಸರು ಪಯೋರಿಯಾ. ಹಲ್ಲುಪುಡಿಯ ಜಾಹೀರಾತುಗಳ ದೆಸೆಯಿಂದ ಈ ಶಬ್ದ ನಮ್ಮ ಹಿರಿಯರಿಗೂ ಗೊತ್ತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಭಾಷಣ ಮಾಡಿದ. ಬಾಯಿಯ ಕೀವೇ ಮೈಯ ಹಲವು ರೋಗಗಳಿಗೆ ಮೂಲ ಎಂಬುದು ಅದರ ಸಾರ. ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು, ಪರಿಣಾಮ ಮಾತ್ರ ಘೋರವಾಯಿತು. ಕೀಲು ನೋವಿಗೆ ಹಲ್ಲು ಕಿತ್ತರು, ಹೊಟ್ಟೆ ನೋವಿಗೆ ಕಿತ್ತರು, ಕಾರಣ ತಿಳಿಯದ ಜ್ವರಕ್ಕೂ ಕಿತ್ತರು. ಕೆಲವು ದಶಕಗಳ ಕಾಲ ಇಕ್ಕಳವೇ ವಿಜ್ಞಾನವಾಗಿತ್ತು. ಕೀಳಿಸುವ ನಮ್ಮ ಪದ್ಧತಿಯನ್ನು ಹಳ್ಳಿಯವರ ಅಜ್ಞಾನ ಎನ್ನುವವರು ಈ ಭಾಗವನ್ನೂ ಓದಿಕೊಂಡರೆ ಒಳ್ಳೆಯದು.

1965 ಎರಡು ಕಾರಣಕ್ಕೆ ಮುಖ್ಯ. ಆ ವರ್ಷ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ದಂತ ವೈದ್ಯಕೀಯ ಕಾಲೇಜು ಆರಂಭಿಸಿದರು. ಕಸ್ತೂರ್ಬಾ ಮೆಡಿಕಲ್ ಕಾಲೇಜು ಆಗಿ ಹನ್ನೆರಡು ವರ್ಷ ಕಳೆದಿತ್ತು. ಕರಾವಳಿಯ ಈ ತುಂಡಿಗೆ ಹಲ್ಲಿನ ಆಸ್ಪತ್ರೆ ಎಂಬುದು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರಕ್ಕೆ ಬಂತು. ಅದೇ ವರ್ಷ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹನ್ನೆರಡು ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಕೆಂಪಾಯಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ವಾರದಲ್ಲಿ ಸರಿಯಾಯಿತು. ವಸಡಿನ ಉರಿಯೂತಕ್ಕೆ ಕಾರಣ ಹಲ್ಲಿನ ಬುಡದ ಮೆತ್ತನೆಯ ಪಾಚಿ ಎಂಬುದು ಇಷ್ಟು ಸರಳ ಪ್ರಯೋಗದಿಂದ ಗಟ್ಟಿಯಾಯಿತು.

ಅದೇ ಲೋ ಮುಂದೆ ಮಾಡಿದ ಇನ್ನೊಂದು ಅಧ್ಯಯನ ನಮ್ಮಂಥವರಿಗೆ ಹೆಚ್ಚು ಹತ್ತಿರದ್ದು. 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳ 480 ಗಂಡಾಳುಗಳ ಬಾಯಿ ನೋಡಿ ದಾಖಲಿಸಿದರು. ಅವರಲ್ಲಿ ಬ್ರಷ್ ಹಿಡಿದವರಿಲ್ಲ, ಹಲ್ಲಿನ ಡಾಕ್ಟರನ್ನು ಕಂಡವರಿಲ್ಲ. 1985ರ ತನಕ ಮತ್ತೆ ಮತ್ತೆ ಹೋಗಿ ಅಳತೆ ತೆಗೆದರು. ಎಲ್ಲರ ಬಾಯಲ್ಲಿಯೂ ಪಾಚಿ ಇತ್ತು, ಎಲ್ಲರ ವಸಡಿನಲ್ಲಿಯೂ ಉರಿಯೂತ ಇತ್ತು. ಆದರೂ ಶೇ. 11 ಮಂದಿಗೆ ರೋಗ ವಸಡಿನಿಂದ ಕೆಳಗೆ ಇಳಿಯಲೇ ಇಲ್ಲ. ಶೇ. 81 ಮಂದಿಗೆ ನಿಧಾನವಾಗಿ ಮೂಳೆ ಸವೆಯಿತು. ಉಳಿದ ಶೇ. 8 ಮಂದಿಗೆ ನಲವತ್ತರ ಹೊತ್ತಿಗೆ ಇಪ್ಪತ್ತು ಹಲ್ಲು ಹೋಗಿತ್ತು, ನಲವತ್ತೈದಕ್ಕೆ ಬಾಯಿ ಬೋಳು.

ಈ ಲೆಕ್ಕ ಓದುವಾಗ ನಮಗೆ ಎರಡು ವಿಚಾರ ಹೊಳೆಯುತ್ತದೆ. 'ನಮ್ಮ ಅಜ್ಜ ಎಂತದೂ ಮಾಡ್ಲಿಲ್ಲ, ಎಂಬತ್ತಕ್ಕೂ ಕಬ್ಬು ಸಿಗಿತಿದ್ರ್' ಎಂಬ ಮಾತು ಸುಳ್ಳಲ್ಲ, ಆ ಅಜ್ಜ ಶೇ. 11ರ ಗುಂಪಿನವರು. ಅವರನ್ನು ನೋಡಿ ಮನೆಯವರೆಲ್ಲ ಬ್ರಷ್ ಬಿಡುವುದಕ್ಕೆ ಅರ್ಥವಿಲ್ಲ. ಇನ್ನೊಂದು, ಹದಿನೈದು ವರ್ಷ ಕೂಲಿಯಾಳುಗಳ ಹಲ್ಲು ಉದುರುವುದನ್ನು ಅಳೆಯುತ್ತ ಹೋದ ಆ ಅಧ್ಯಯನದ ಬಗ್ಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಜಗತ್ತಿನ ಪಠ್ಯಪುಸ್ತಕಕ್ಕೆ ಜ್ಞಾನ ಸಿಕ್ಕಿತು. ಅದನ್ನು ಕೊಟ್ಟವರ ಬಾಯಲ್ಲಿ ಹಲ್ಲು ಉಳಿಯಲಿಲ್ಲ.

ಇನ್ನು ಕವಲಿನ ವಿಷಯ. 1953ರಲ್ಲಿ ಅಮೆರಿಕದ ಇರ್ವಿಂಗ್ ಗ್ಲಿಕ್‌ಮನ್ ಕವಲಿನ ಹಾನಿಯನ್ನು ನಾಲ್ಕು ದರ್ಜೆ ಮಾಡಿದ. ಕವಲಿನ ಬಾಯಿ ಸಲಕರಣೆಯ ತುದಿಗೆ ಸಿಕ್ಕಂತಾಗುವುದು ಮೊದಲ ದರ್ಜೆ. ಒಳಗೆ ಮೂಳೆ ಕರಗಿದರೂ ಆಚೆ ಬದಿಗೆ ತೂತಾಗದಿರುವುದು ಎರಡನೆಯದು. ಈ ಬದಿಯಿಂದ ಆ ಬದಿಗೆ ಸುರಂಗವಾದರೆ ಮೂರನೆಯದು. ವಸಡೂ ಸರಿದು ಆ ಸುರಂಗ ಕಣ್ಣಿಗೇ ಕಂಡರೆ ನಾಲ್ಕನೆಯದು. ಇದನ್ನು ಅಳೆಯಲು ಕೊಕ್ಕೆಯ ಹಾಗೆ ಬಾಗಿದ ಒಂದು ಸಪೂರ ಸಲಾಕೆ ಇದೆ. ಎಕ್ಸರೇ ಒಂದನ್ನೇ ನಂಬಿದರೆ ಮೊದಲ ಹಂತ ತಪ್ಪಿ ಹೋಗುತ್ತದೆ, ಮೇಲಿನ ದವಡೆಯಲ್ಲಂತೂ ಮೂರನೇ ಬೇರಿನ ನೆರಳು ಅಡ್ಡ ಬರುತ್ತದೆ.

ದರ್ಜೆ ಗೊತ್ತಾದರೂ ಸ್ವಚ್ಛ ಮಾಡುವುದು ಸುಲಭವಿರಲಿಲ್ಲ. 1979ರಲ್ಲಿ ಬೋವರ್ ಎಂಬವನು ಕಿತ್ತ ದವಡೆ ಹಲ್ಲುಗಳ ಕವಲಿನ ಬಾಯಿ ಅಳೆದ. ನೂರಕ್ಕೆ 81ರಲ್ಲಿ ಅದು ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮುಕ್ಕಾಲು ಮಿಲಿಮೀಟರೂ ದಾಟುವುದಿಲ್ಲ. ಕೆರೆಯುವ ಕ್ಯುರೆಟ್ ಎಂಬ ಸಲಕರಣೆಯ ಅಲಗೇ ಮುಕ್ಕಾಲು ಮಿಲಿಮೀಟರಿನಿಂದ ಮೇಲೆ. ಬಾಗಿಲಿಗಿಂತ ಪೊರಕೆ ದೊಡ್ಡದು! ವಸಡನ್ನು ಸ್ವಲ್ಪ ಬಿಡಿಸಿ, ಬೇರನ್ನು ಕಣ್ಣಿಗೆ ಕಾಣಿಸಿಕೊಂಡು ಸ್ವಚ್ಛ ಮಾಡಿ ಮತ್ತೆ ಹೊಲಿಯುವ ಫ್ಲಾಪ್ ಶಸ್ತ್ರಚಿಕಿತ್ಸೆ ಬೇಕಾಗುವುದು ಇಂಥಲ್ಲಿ. ಸಪೂರ ತುದಿಯ ಅಲ್ಟ್ರಾಸಾನಿಕ್ ಯಂತ್ರವೂ ಸಹಾಯಕ್ಕೆ ಬಂತು. ಎರಡನೇ ದರ್ಜೆಯಲ್ಲಿ, ಅದರಲ್ಲೂ ಕೆಳಗಿನ ದವಡೆಯಲ್ಲಿ, ಮೂಳೆಪುಡಿ ತುಂಬಿ ಮೇಲೆ ತೆಳು ಪೊರೆ ಮುಚ್ಚಿ ಮೂಳೆ ಬೆಳೆಯಲು ಬಿಡುವ ವಿಧಾನ 1980ರ ದಶಕದಿಂದ ಬೆಳೆಯಿತು. ಎರಡು ಬೇರಿನಲ್ಲಿ ಒಂದು ಮಾತ್ರ ಹಾಳಾಗಿದ್ದರೆ ಬೇರುನಾಳ ಚಿಕಿತ್ಸೆ ಮಾಡಿ, ಕೆಟ್ಟ ಬೇರನ್ನಷ್ಟೇ ಕತ್ತರಿಸಿ ತೆಗೆದು ಉಳಿದರ್ಧಕ್ಕೆ ಟೋಪಿ ಹಾಕುವುದೂ ಉಂಟು. ಅರ್ಧ ಹಲ್ಲು ಉಳಿಸುವ ಈ ಯೋಚನೆ ಹತ್ತೊಂಬತ್ತನೇ ಶತಮಾನದ್ದೇ. ಯಾವುದೂ ಆಗದಿದ್ದರೆ ಕವಲನ್ನು ಬೇಕೆಂದೇ ಅಗಲ ಮಾಡಿ, ಸಣ್ಣ ಬ್ರಷ್ ತೂರಿಸಿ ತೊಳೆಯುವಂತೆ ಮಾಡಿಕೊಡುತ್ತಾರೆ.

ಇಷ್ಟೆಲ್ಲ ಮಾಡಿ ಉಳಿಯುತ್ತದೆಯೇ? 1978ರಲ್ಲಿ ಹರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ತಮ್ಮ 600 ರೋಗಿಗಳ ಸರಾಸರಿ 22 ವರ್ಷದ ಲೆಕ್ಕ ಕೊಟ್ಟರು. ಕವಲು ತೆರೆದ ಹಲ್ಲುಗಳಲ್ಲಿ ಹೋದದ್ದು ಸುಮಾರು ಶೇ. 31. ಅಂದರೆ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಹಲ್ಲು ಬಾಯಲ್ಲೇ ಉಳಿದವು. ಅವರೆಲ್ಲ ನಿಯಮಿತವಾಗಿ ಮರಳಿ ಬಂದು ಸ್ವಚ್ಛ ಮಾಡಿಸಿಕೊಂಡವರು ಎಂಬುದನ್ನು ಮರೆಯಬಾರದು.

ನಮ್ಮ ಕಡೆ ಸಿಕ್ಕಿಕೊಳ್ಳುವುದು ಇಲ್ಲೇ. ಉಡುಪಿ ಜಿಲ್ಲೆ 1997ರಲ್ಲಿ ಆಯಿತು, ಬೈಂದೂರು, ಬ್ರಹ್ಮಾವರ ಆಮೇಲೆ ತಾಲೂಕುಗಳಾದವು. ಬ್ರಹ್ಮಾವರದವರಿಗೆ ಮಣಿಪಾಲ ಕೂಗಳತೆ. ಕೊಲ್ಲೂರು, ಶಿರೂರು ಬದಿಯವರಿಗೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕು. ವಸಡಿನ ತಜ್ಞರ ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ನಾಲ್ಕೈದು ಸಲ ಹೋಗಬೇಕು, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಕೀಳಿಸುವುದಕ್ಕೆ ಅರ್ಧ ಗಂಟೆ ಸಾಕು. ಮೀನು ಹೊರುವ, ಹೆಂಚಿನ ಕಾರ್ಖಾನೆಗೆ ಹೋಗುವ ಹೆಂಗಸು ಯಾವುದನ್ನು ಆರಿಸಿಕೊಳ್ಳುತ್ತಾಳೆ ಎಂದು ಕೇಳಬೇಕಿಲ್ಲ.

ಸರಕಾರದ ಲೆಕ್ಕವೂ ಅದೇ ದಾರಿಯಲ್ಲಿದೆ. ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆ ರಾಜ್ಯದಲ್ಲಿ ಬಂತು. ಒಳ್ಳೆಯ ಯೋಜನೆ, ಹಲ್ಲಿಲ್ಲದವರಿಗೆ ಅನ್ನ ಜಗಿಯುವುದಕ್ಕಾಯಿತು. ಆದರೆ ಅದಕ್ಕೆ ಅರ್ಹತೆ ಹಲ್ಲು ಹೋಗಿರುವುದು. ನಲವತ್ತರಲ್ಲಿ ವಸಡಿನಿಂದ ರಕ್ತ ಬರುವಾಗ ಬಂದವರಿಗೆ ಹಾಗೆ ಹೆಸರಿಟ್ಟು ಕೊಟ್ಟ ಭಾಗ್ಯ ಯಾವುದೂ ಇಲ್ಲ. ದಂತವೈದ್ಯರಿರುವ ತಾಲೂಕು ಆಸ್ಪತ್ರೆಗಳಲ್ಲಿ ಬರೀ ಸ್ವಚ್ಛ ಮಾಡಿಸುವುದನ್ನಾದರೂ, ಸಕ್ಕರೆ ಕಾಯಿಲೆಯವರ ತಪಾಸಣೆಯ ಜೊತೆಗೇ ಕಡ್ಡಾಯ ಮಾಡಬಹುದು ಎಂಬುದು ನಮ್ಮ ಅಭಿಪ್ರಾಯ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ರೋಗದ ಅಪಾಯ ಸುಮಾರು ಮೂರು ಪಟ್ಟು. ವಸಡಿನ ಕೀವು ಇದ್ದರೆ ಸಕ್ಕರೆ ಇಳಿಯುವುದೂ ಕಷ್ಟ.

ನಾವು ಹೋದಲ್ಲೆಲ್ಲ ಕೇಳುವ ಎರಡು ಮಾತು ಬಾಕಿ ಇದೆ. ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಸಡಿಲವಾಯಿತು ಎಂಬುದು ಮಾತ್ರ ಕೆಲವರ ನಿಜವಾದ ಅನುಭವ. ಕಾರಣ ಬೇರೆ. ಮೂಳೆ ಹೋಗಿ ಎಷ್ಟೋ ಕಾಲವಾಗಿರುತ್ತದೆ, ಗಟ್ಟಿ ಪಾಚಿಯೇ ಗಾರೆಯ ಹಾಗೆ ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿರುತ್ತದೆ. ಗಾರೆ ತೆಗೆದಾಗ ಮೊದಲೇ ಆಗಿದ್ದ ಹಾನಿ ನಾಲಿಗೆಗೆ ಗೊತ್ತಾಗುತ್ತದೆ. ಉರಿಯೂತ ಇಳಿದು ವಸಡು ಬಿಗಿಯಾದರೆ ಕೆಲವು ವಾರಗಳಲ್ಲಿ ಅಲ್ಲಾಟ ಹೆಚ್ಚಾಗಿ ಕಡಿಮೆಯಾಗುತ್ತದೆ. ಆ ವಾರಗಳೊಳಗೇ ಹೆದರಿ ಕೀಳಿಸಲು ಹೋಗುವವರು ಬಹಳ. ಕುರ್ಚಿಯಲ್ಲಿ ಕೂರಿಸುವ ಮೊದಲೇ ಡಾಕ್ಟರು ಇದನ್ನು ನಮ್ಮ ಭಾಷೆಯಲ್ಲಿ ಎರಡು ನಿಮಿಷ ಹೇಳಿದರೆ ಅವರಲ್ಲಿ ಕೆಲವರಾದರೂ ಮುಂದಿನ ಸಲಕ್ಕೆ ಬಂದಾರು.