ಎರಡು ಕಂಠೀರವಗಳ ನಡುವಿನ ಹಾದಿ

ಬೆಂಗಳೂರಿನ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಿಂದ ಹೊರವರ್ತುಲ ರಸ್ತೆ ಸೇರಿ ಉತ್ತರಕ್ಕೆ ಹೊರಟರೆ, ಲಗ್ಗೆರೆ ದಾಟಿದ ಮೇಲೆ ಕಂಠೀರವ ಸ್ಟುಡಿಯೋ ಸಿಗುತ್ತದೆ. ಅದೇ ಕಾಮಾಕ್ಷಿಪಾಳ್ಯದಿಂದ ಪೂರ್ವಕ್ಕೆ ತಿರುಗಿ ಊರ ನಡುವಿಗೆ ಬಂದರೆ, ಕಬ್ಬನ್ ಉದ್ಯಾನದ ಬಳಿ ಕಂಠೀರವ ಕ್ರೀಡಾಂಗಣವಿದೆ. ಒಂದು ಬಣ್ಣ ಹಚ್ಚುವ ಜಾಗ, ಇನ್ನೊಂದು ಬೆವರು ಹರಿಸುವ ಜಾಗ. ಹೆಸರು ಮಾತ್ರ ಎರಡಕ್ಕೂ ಒಂದೇ.

ಕಂಠೀರವ ಎಂದರೆ ಸಿಂಹ. ಈ ಮಾತು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವವನು 1638ರಿಂದ 1659ರವರೆಗೆ ಮೈಸೂರನ್ನು ಆಳಿದ ರಣಧೀರ ಕಂಠೀರವ ನರಸರಾಜ ಒಡೆಯ. ಪಟ್ಟಕ್ಕೆ ಬರುವ ಮೊದಲು ಅವನು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಮಣಿಸಿದನೆಂದು ಕಥೆಯಿದೆ. 1960ರಲ್ಲಿ ಈ ಕುಸ್ತಿಪಟು ಅರಸನ ಪಾತ್ರವನ್ನು ರಾಜಕುಮಾರ್ ತೆರೆಯ ಮೇಲೆ ತಂದರು. ನಟ ಜಟ್ಟಿಯಾಗುವುದು ಹೀಗೆ ನಮಗೆ ಪರಿಚಿತ ಸಂಗತಿ. ಜಟ್ಟಿಯೋ ಆಟಗಾರನೋ ನಟನಾದರೆ ಏನಾಗುತ್ತದೆ?

ಈ ಪ್ರಶ್ನೆಗೆ ಹೆಚ್ಚು ಉದಾಹರಣೆ ಒದಗಿಸಿರುವ ದೇಶ ಅಮೆರಿಕ, ಆಟ ಬ್ಯಾಸ್ಕೆಟ್‌ಬಾಲ್. 1946ರಿಂದ 48ರವರೆಗೆ ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿದ್ದ ಚಕ್ ಕಾನರ್ಸ್, 1958ರಲ್ಲಿ ಆರಂಭವಾದ ‘ದಿ ರೈಫಲ್‌ಮನ್’ ಟಿ.ವಿ. ಸರಣಿಯಿಂದ ಮನೆಮಾತಾದರು. ಏಳು ಅಡಿಗೂ ಮಿಗಿಲಾದ ಕರೀಂ ಅಬ್ದುಲ್ ಜಬ್ಬಾರ್ ಬ್ರೂಸ್ ಲೀಗೆ ಎದುರಾಳಿಯಾಗಿ ಕಾಣಿಸಿಕೊಂಡರು. 1996ರ ‘ಸ್ಪೇಸ್ ಜಾಮ್’ನಲ್ಲಿ ಮೈಕೆಲ್ ಜೋರ್ಡಾನ್ ಮೈಕೆಲ್ ಜೋರ್ಡಾನನೇ ಆಗಿದ್ದರು. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಮತ್ತು ನೆಟ್‌ಬಾಲ್ ಎರಡನ್ನೂ ಆಡಿದ ದೆಹಲಿಯ ಪ್ರಾಚಿ ತೆಹ್ಲಾನ್ ಇದ್ದಾರೆ. 2010ರ ಕಾಮನ್‌ವೆಲ್ತ್ ಕೂಟದಲ್ಲಿ ಭಾರತದ ನೆಟ್‌ಬಾಲ್ ತಂಡದ ನಾಯಕಿಯಾಗಿದ್ದ ಅವರು ಮುಂದೆ ಕಿರುತೆರೆಗೆ ಬಂದು, 2019ರ ಮಲಯಾಳಂ ಚಿತ್ರ ‘ಮಾಮಾಂಗಂ’ನಲ್ಲಿ ನಟಿಸಿದರು.

ಈ ಉದಾಹರಣೆಗಳನ್ನು ಗಮನಿಸಿದರೆ ಎರಡು ದಾರಿಗಳು ಕಾಣುತ್ತವೆ. ಒಂದರಲ್ಲಿ ಸಿನಿಮಾ ಆಟಗಾರನ ದೇಹವನ್ನು ಕೇಳುತ್ತದೆ. ಇನ್ನೊಂದರಲ್ಲಿ ಅವನ ಹೆಸರನ್ನೂ ಬದುಕನ್ನೂ ಕೇಳುತ್ತದೆ. ಕರ್ನಾಟಕದಲ್ಲಿ ಮೊದಲ ದಾರಿಗೆ ಎಂ.ಪಿ. ಶಂಕರ್ ಸಾಕ್ಷಿಯಾದರೆ, ಎರಡನೆಯದಕ್ಕೆ ಅಶ್ವಿನಿ ನಾಚಪ್ಪ ಸಾಕ್ಷಿ.

ಮೈಸೂರಿನ ಗರಡಿಯಲ್ಲಿ ಪಳಗಿದ ಶಂಕರ್ 1962ರ ‘ರತ್ನಮಂಜರಿ’ಯ ಮೂಲಕ ಚಿತ್ರರಂಗಕ್ಕೆ ಬಂದರು. ಕಟ್ಟುಮಸ್ತಾದ ಮೈಯೇ ಅವರಿಗೆ ಪ್ರವೇಶಪತ್ರವಾಯಿತು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಹರಿಶ್ಚಂದ್ರನನ್ನು ಕೊಳ್ಳುವ ಸ್ಮಶಾನದ ಒಡೆಯ ವೀರಬಾಹುವಾಗಿ ಅವರು ಜನಮನದಲ್ಲಿ ನಿಂತರು. ಆದರೆ 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಭೂತಯ್ಯನಿಗೆ ಬೇಕಾಗಿದ್ದದ್ದು ತೋಳಬಲವಲ್ಲ, ಊರನ್ನೇ ನಡುಗಿಸುವ ಲೋಭಿಯ ಒಳಮನಸ್ಸು. ಅದನ್ನೂ ಅವರು ನಟಿಸಿ ತೋರಿಸಿದರು. ಅಷ್ಟರಲ್ಲಿ ನಿರ್ಮಾಪಕರಾಗಿ ಕಾಡಿನ ಕಡೆಗೆ ಕ್ಯಾಮೆರಾ ತಿರುಗಿಸಿದ್ದರು. 1973ರಲ್ಲಿ ಅವರು ನಿರ್ಮಿಸಿದ ‘ಗಂಧದ ಗುಡಿ’ ಮರಗಳ್ಳತನ ಮತ್ತು ವನ್ಯಜೀವಿಗಳ ಮಾತನ್ನು ಸಾಮಾನ್ಯ ಪ್ರೇಕ್ಷಕನ ಮನೆಗೆ ಮುಟ್ಟಿಸಿತು. 2022ರಲ್ಲಿ ಪುನೀತ್ ರಾಜಕುಮಾರ್ ಅವರ ಸಾಕ್ಷ್ಯಚಿತ್ರ ಬಂದಾಗ ಅದಕ್ಕೂ ಇದೇ ಹೆಸರು. 2008ರಲ್ಲಿ ನಿಧನರಾದ ಶಂಕರ್ ಅವರನ್ನು ಇಂದು ನೆನೆಯುವವರು ಅವರ ಕುಸ್ತಿಯ ಪಟ್ಟುಗಳಿಗಿಂತ ಕಾಡಿನ ಚಿತ್ರಗಳನ್ನೇ ಹೆಚ್ಚಾಗಿ ನೆನೆಯುತ್ತಾರೆ.

ಅಶ್ವಿನಿ ನಾಚಪ್ಪ ಅವರ ಕಥೆ ಬೇರೆ. 1967ರಲ್ಲಿ ಕೊಡವ ಕುಟುಂಬದಲ್ಲಿ ಹುಟ್ಟಿದ ಅವರು ಓಟ ಕಲಿತದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ತಂಗಿ ಅಕ್ಕ ಇಬ್ಬರನ್ನೂ ಮೈದಾನಕ್ಕೆ ಕರೆತಂದವರು ತಾಯಿ. ಆ ದಿನಗಳಲ್ಲಿ ಭಾರತದ ಮಹಿಳಾ ಓಟವೆಂದರೆ ಪಿ.ಟಿ. ಉಷಾ ಎಂದೇ ಅರ್ಥ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳೆದುಕೊಂಡ ಉಷಾ, 1986ರ ಸೋಲ್ ಏಷ್ಯನ್ ಕೂಟದಲ್ಲಿ ನಾಲ್ಕು ಚಿನ್ನ ಗೆದ್ದಿದ್ದರು. ಅಂಥ ಉಷಾ ಅವರನ್ನು ಎಂಬತ್ತರ ದಶಕದ ಕೊನೆಯಲ್ಲಿ ಅಶ್ವಿನಿ ಹಿಂದೆ ಹಾಕಿದಾಗ ದೇಶ ಹುಬ್ಬೇರಿಸಿತು. ವೈಯಕ್ತಿಕ ಓಟದಲ್ಲಿ ಇವರು ಎದುರಾಳಿಗಳು. ರಿಲೇಯಲ್ಲಿ ಒಬ್ಬರ ಬ್ಯಾಟನ್ ಇನ್ನೊಬ್ಬರಿಗೆ. 1988ರಲ್ಲಿ ಅಶ್ವಿನಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ಅದೇ ವರ್ಷ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಮೂರು ಚಿನ್ನ ಗೆದ್ದರು. ಅವರ ವೇಗದಷ್ಟೇ ಸುದ್ದಿಯಾದದ್ದು ಬಣ್ಣಬಣ್ಣದ ಉಡುಪು. ಮೈಗಂಟಿದ ಉಡುಪಿನಲ್ಲಿ ಓಡುತ್ತಿದ್ದ ಅಶ್ವಿನಿ ಅವರನ್ನು ಪತ್ರಿಕೆಗಳು ‘ಭಾರತದ ಫ್ಲೋ ಜೋ’ ಎಂದು ಕರೆದವು. ಇದು ಹೊಗಳಿಕೆಯೂ ಹೌದು, ಒಂದು ಬಗೆಯ ಹೊರೆಯೂ ಹೌದು. ಓಟಗಾರ್ತಿಯ ಗಡಿಯಾರವನ್ನು ನೋಡುವ ಮೊದಲು ಆಕೆಯ ಬಟ್ಟೆಯನ್ನು ನೋಡುವ ಕಣ್ಣು ಅದರ ಹಿಂದಿತ್ತು. ಹಾಗಿದ್ದೂ ಆ ಪ್ರಚಾರವೇ ಅವರನ್ನು ಕ್ರೀಡಾಪುಟದಾಚೆಗೆ ಪರಿಚಯಿಸಿತೆಂಬುದನ್ನು ಮರೆಯುವಂತಿಲ್ಲ.

ಕರೆ ಬಂದದ್ದು ತೆಲುಗಿನಿಂದ. ರಾಮೋಜಿ ರಾವ್ ಅವರ ಉಷಾಕಿರಣ್ ಮೂವೀಸ್ 1985ರಲ್ಲಿ ‘ಮಯೂರಿ’ ಚಿತ್ರ ತೆಗೆದಿತ್ತು. ಅಪಘಾತದಲ್ಲಿ ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲಿ ಮತ್ತೆ ನರ್ತಿಸಿದ ಸುಧಾ ಚಂದ್ರನ್ ಅವರ ಬದುಕೇ ಅದರ ಕಥೆ, ಅವರೇ ನಾಯಕಿ. ಬದುಕಿದವರೇ ಬದುಕನ್ನು ನಟಿಸಬಹುದೆಂಬ ಈ ನಂಬಿಕೆಯನ್ನು ಅದೇ ಸಂಸ್ಥೆ ಕ್ರೀಡೆಗೂ ವಿಸ್ತರಿಸಿತು. 1991ರಲ್ಲಿ ಮೌಳಿ ಅವರ ನಿರ್ದೇಶನದಲ್ಲಿ ‘ಅಶ್ವಿನಿ’ ತೆರೆಕಂಡಿತು. ಚಿತ್ರದ ಹೆಸರೂ ನಾಯಕಿಯ ಹೆಸರೂ ಓಟಗಾರ್ತಿಯ ಹೆಸರೂ ಒಂದೇ.

ಆ ಪ್ರಯೋಗದ ಬೆಲೆ ಇಂದು ಹೆಚ್ಚು ಸ್ಪಷ್ಟವಾಗುತ್ತದೆ. 2013ರಲ್ಲಿ ಮಿಲ್ಖಾ ಸಿಂಗ್ ಆಗಿ ಓಡಿದ್ದು ಫರ್ಹಾನ್ ಅಖ್ತರ್. 2014ರಲ್ಲಿ ಮಣಿಪುರದ ಮೇರಿ ಕೋಮ್ ಆಗಿ ಕೈಗವಸು ತೊಟ್ಟದ್ದು ಪ್ರಿಯಾಂಕಾ ಚೋಪ್ರಾ. ಇಬ್ಬರೂ ತಿಂಗಳುಗಟ್ಟಲೆ ದೇಹ ದಂಡಿಸಿದವರೇ. ಅವರ ಶ್ರಮ ಸುಳ್ಳಲ್ಲ. ಆದರೆ ಮೊದಲ ಹೆಜ್ಜೆ ಕಿತ್ತಿಡುವಾಗಿನ ಭುಜದ ಬಾಗು, ಪೂರ್ತಿ ವೇಗದಲ್ಲಿ ಮುಖದ ಸ್ನಾಯುಗಳು ಸಡಿಲವಾಗುವ ಬಗೆ ವರ್ಷಗಳ ಅಭ್ಯಾಸದಿಂದ ಮಾತ್ರ ಬರುವಂಥವು. ದಾಖಲೆ ಪುಸ್ತಕ ಉಳಿಸಿಕೊಳ್ಳುವುದು ಸೆಕೆಂಡುಗಳನ್ನು. ಓಟದ ಭಂಗಿಯನ್ನು ಉಳಿಸಬಲ್ಲದ್ದು ಚಿತ್ರದ ಸುರುಳಿ. ‘ಅಶ್ವಿನಿ’ಯಲ್ಲಿ ಉಳಿದಿರುವುದು ನಿಜವಾದ ಓಟಗಾರ್ತಿಯೊಬ್ಬಳ ಓಟ.

ಆದರೆ ಈ ಎರಡನೆಯ ದಾರಿಗೆ ಒಂದು ಇಕ್ಕಟ್ಟಿದೆ. ತನ್ನ ಬದುಕನ್ನು ಒಮ್ಮೆ ನಟಿಸಿದ ಮೇಲೆ ಮುಂದೇನು? 1993ರಲ್ಲಿ ‘ಇನ್‌ಸ್ಪೆಕ್ಟರ್ ಅಶ್ವಿನಿ’ ಬಂತು. ಹೆಸರು ಅದೇ, ಓಟದ ಉಡುಪಿನ ಬದಲು ಪೊಲೀಸ್ ಸಮವಸ್ತ್ರ. ಇನ್ನೂ ಕೆಲವು ತೆಲುಗು ಚಿತ್ರಗಳಾದವು. ಆ ದಶಕ ಮುಗಿಯುವುದರೊಳಗೆ ತೆರೆಯ ಬದುಕು ಹಿಂದೆ ಸರಿದಿತ್ತು. ಶಂಕರ್ ಅವರಂತೆ ಅಶ್ವಿನಿ ಕೂಡ ಮೂರನೆಯದೊಂದನ್ನು ಹುಡುಕಿಕೊಂಡರು. ಪತಿಯೊಡನೆ ಕೊಡಗಿನ ಗೋಣಿಕೊಪ್ಪಲಿನಲ್ಲಿ ಪಾಠ ಮತ್ತು ಆಟ ಎರಡಕ್ಕೂ ಸಮನಾದ ಸ್ಥಾನವಿರುವ ‘ಕಾಲ್ಸ್’ ವಸತಿ ಶಾಲೆ ಕಟ್ಟಿದರು. ಕ್ರೀಡಾಡಳಿತ ಶುದ್ಧವಾಗಬೇಕೆಂದು ಹೊರಟ ‘ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ’ ಆಂದೋಲನದಲ್ಲಿ ಮುಂದೆ ನಿಂತರು.

ಆಟಗಾರರ ಆಯುಷ್ಯದ ಲೆಕ್ಕವೇ ಬೇರೆ. ಉಳಿದ ವೃತ್ತಿಗಳಲ್ಲಿ ಬದುಕು ಆರಂಭವಾಗುವ ಮೂವತ್ತರ ಆಸುಪಾಸಿನಲ್ಲಿ ಓಟಗಾರರ ವೃತ್ತಿ ಮುಗಿದಿರುತ್ತದೆ. ಸಿನಿಮಾ ಆ ವಯಸ್ಸಿನಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ, ನಿಜ. ಆದರೆ ಅದು ತೆರೆಯುವುದು ಬೆರಳೆಣಿಕೆಯ ಮಂದಿಗೆ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿತು. ಎರಡೇ ಅಂಕಗಳ ಆ ಗೆಲುವನ್ನು ತಂದುಕೊಟ್ಟ ಹುಡುಗಿಯರಲ್ಲಿ ಎಷ್ಟು ಮಂದಿಯ ಹೆಸರು ಬೆಂಗಳೂರಿಗರಿಗೆ ಗೊತ್ತಿದೆ? ಕ್ರೀಡಾಂಗಣದಿಂದ ಸ್ಟುಡಿಯೋಗೆ ಹೋದವರು ಕೆಲವರು ಮಾತ್ರ. ಹೋಗದೆ ಉಳಿದವರನ್ನೂ ಗುರುತಿಸುವ ಊರಾದರೆ, ಆಟ ಬಿಟ್ಟ ಮಕ್ಕಳಿಗೆ ಬಣ್ಣ ಹಚ್ಚದೆಯೂ ಬಾಳುವ ದಾರಿ ಸಿಕ್ಕೀತು.