ಲ್ಯಾಂಡ್‌ಮಾಸ್ಟರಿನ ಎದೆಗೂಡು

ಹಳೆಯ ಮೋಟಾರನ್ನು ಓಡಿಸುವುದು ಬೇರೆ, ಅದನ್ನು ಹುಟ್ಟಿದಾಗಿನ ರೂಪಕ್ಕೆ ತರುವುದು ಬೇರೆ. ಮೊದಲನೆಯದಕ್ಕೆ ಒಬ್ಬ ಒಳ್ಳೆಯ ಮಿಸ್ತ್ರಿ ಸಾಕು. ಎರಡನೆಯದಕ್ಕೆ ಇತಿಹಾಸವನ್ನೂ ಓದಬೇಕಾಗುತ್ತದೆ. ಬೀದರಿನ ನಮ್ಮ ಮನೆಯ ಹಿತ್ತಲಲ್ಲಿ, ತಗಡಿನ ಚಪ್ಪರದ ಕೆಳಗೆ ಬಹುಕಾಲ ನಿಂತಿದ್ದ ಹಿಂದೂಸ್ಥಾನ್ ಲ್ಯಾಂಡ್‌ಮಾಸ್ಟರ್ ನನಗೆ ಈ ಪಾಠವನ್ನು ಕಲಿಸಿತು. ಅದು ತಂದೆಯವರು 1955ರಲ್ಲಿ ಕೊಂಡ ಗಾಡಿ. "ಗುಜರಿಗೆ ಹಾಕಬ್ಯಾಡಪ್ಪಾ" ಎಂಬುದೊಂದೇ ಅದರ ವಿಷಯದಲ್ಲಿ ಅವರು ನನಗೆ ಹೇಳಿಹೋದ ಮಾತು.

ಬಾನೆಟ್ಟನ್ನು ಎತ್ತಿದ ದಿನ ಉಸ್ತಾದರು ನಕ್ಕುಬಿಟ್ಟರು. "ಸಾಹೇಬ್ರ, ಗಾಡಿ ನಿಮ್ಮಪ್ಪಾರದು ಖರೆ, ಇಂಜಿನ್ ಮಾತ್ರ ಇದರದಲ್ಲ."

ಅವರ ಮಾತು ನಿಜವಾಗಿತ್ತು. 1942ರಲ್ಲಿ ಸ್ಥಾಪಿತವಾಗಿ, 1948ರಲ್ಲಿ ಗುಜರಾತಿನ ಓಖಾದಿಂದ ಬಂಗಾಳದ ಉತ್ತರಪಾಡಾಕ್ಕೆ ಹೋದ ಹಿಂದೂಸ್ಥಾನ್ ಮೋಟಾರ್ಸ್, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯ ಎರಡನೆಯ ಮಾದರಿಯನ್ನು ಅನುಸರಿಸಿ 1954ರಿಂದ ಲ್ಯಾಂಡ್‌ಮಾಸ್ಟರನ್ನು ತಯಾರಿಸಿತು. ಅದರ 1476 ಸಿ.ಸಿ. ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುತ್ತಿದ್ದವು. ಮುಂದೆ ಅಂಬಾಸಡರಿಗೆ ಬಂದದ್ದು ವಾಲ್ವುಗಳು ತಲೆಯ ಮೇಲಿರುವ 1489 ಸಿ.ಸಿ. ಎಂಜಿನ್. ನಮ್ಮ ಗಾಡಿಯ ಎದೆಗೂಡಿನಲ್ಲಿದ್ದದ್ದು ಈ ಎರಡನೆಯದು. ಯಾವಾಗಲೋ, ಯಾರೋ ಹೃದಯವನ್ನೇ ಬದಲಿಸಿದ್ದರು.

ಮೊದಲು ಸಿಟ್ಟು ಬಂತು. ಆಮೇಲೆ, ಆ ಮಿಸ್ತ್ರಿ ಬೇರೇನು ಮಾಡಬಹುದಿತ್ತು ಎಂದು ಯೋಚಿಸಿದೆ. ಜನರಲ್ ಮೋಟಾರ್ಸಿನವರು 1928ರಿಂದಲೇ ಮುಂಬಯಿಯಲ್ಲಿ ಗಾಡಿ ಜೋಡಿಸುತ್ತಿದ್ದರು. ಫೋರ್ಡಿನವರೂ ಅವರ ಹಿಂದೆಯೇ ಬಂದರು. ಬಿಡಿಭಾಗಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದವರಿಗೆ ಅವಕಾಶವಿಲ್ಲವೆಂದು ಸರ್ಕಾರ ನಿಶ್ಚಯಿಸಿತು. ಅವರಿಬ್ಬರೂ ಅಂಗಡಿ ಮುಚ್ಚಿದರು. ಅಲ್ಲಿಂದಾಚೆಗೆ ಆಮದು ಬಿಗಿಯಾಯಿತು. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದಿಗೆ ಸೇರಿತ್ತು. ಆಮೇಲೆಯೂ ನಮ್ಮ ಮೋಟಾರುಗಳ ದಾರಿ ಆ ಕಡೆಗೇ. ಅಲ್ಲಿ ಸಿಕ್ಕದ್ದನ್ನು ತಂದು, ಸರಿಹೊಂದುವವರೆಗೆ ಅರದಿಂದ ಉಜ್ಜಿ ಕೂಡಿಸುವುದೇ ಮಿಸ್ತ್ರಿಯ ವಿದ್ಯೆಯಾಗಿತ್ತು.

ನಾನು ಅಲೆದ ಊರುಗಳನ್ನು ಹೇಳಿದರೆ ಓದುಗರು ನಗಬಹುದು. ಬೆಂಗಳೂರಿನ ಶಿವಾಜಿನಗರದ ಗುಜರಿ, ಹೈದರಾಬಾದಿನ ಜುಮೇರಾತ್ ಬಜಾರು, ಮುಂಬಯಿಯ ಚೋರ್ ಬಜಾರು, ಕಲ್ಕತ್ತೆಯ ಮಲ್ಲಿಕ್ ಬಜಾರು, ಎಲ್ಲೆಡೆಯೂ ಒಂದೇ ಉತ್ತರ: ಅಂಬಾಸಡರಿನದು ಇದೆ, ಲ್ಯಾಂಡ್‌ಮಾಸ್ಟರಿನದು ಇಲ್ಲ. 2014ರವರೆಗೆ ತಯಾರಾದ ಗಾಡಿಗೂ ಹತ್ತಿರ ಹತ್ತಿರ ನಾಲ್ಕೇ ವರ್ಷ ಬಾಳಿದ ಗಾಡಿಗೂ ಪೇಟೆಯಲ್ಲಿ ಅಷ್ಟು ಅಂತರ.

ದೂರದಲ್ಲಿ ಸಿಗದದ್ದು ಹತ್ತಿರದಲ್ಲಿ ಸಿಕ್ಕಿತು. ಭಾಲ್ಕಿಯ ಒಂದು ಹಳೆಯ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ, ಬಳಕೆ ತಪ್ಪಿದ ವಿಟ್‌ವರ್ತ್ ಅಳತೆಯ ಪಾನಾಗಳ ಒಂದು ಜೊತೆ ಧೂಳು ತಿನ್ನುತ್ತಿತ್ತು. ಇದರ ಹಿಂದೆಯೂ ಒಂದು ಕಥೆಯಿದೆ. ಮೋರಿಸ್ ಕಂಪೆನಿ 1923ರಲ್ಲಿ ಕಾವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪೆನಿಯ ಕಾರ್ಖಾನೆಯನ್ನು ಕೊಂಡಿತು. ಅಲ್ಲಿನ ಯಂತ್ರಗಳು ಮಿಲಿಮೀಟರಿನ ಲೆಕ್ಕದಲ್ಲಿ ಮರೆ ಕೊರೆಯುತ್ತಿದ್ದವು. ಇಂಗ್ಲಿಷ್ ಕೆಲಸಗಾರರ ಕೈಯಲ್ಲಿದ್ದ ಪಾನಾಗಳು ಇಂಚಿನವು. ಆದಕಾರಣ ಮರೆ ಫ್ರಾನ್ಸಿನದು, ತಲೆ ಇಂಗ್ಲೆಂಡಿನದು ಎಂಬಂಥ ಬೋಲ್ಟುಗಳು ಮೋರಿಸ್ ಎಂಜಿನ್ನುಗಳಲ್ಲಿ ದಶಕಗಳ ಕಾಲ ಉಳಿದುಬಂದವು. ಇಂದಿನ ಪಾನಾ ಹಾಕಿ ತಿರುಗಿಸಿದರೆ ಅಂಥ ತಲೆಯ ಮೂಲೆಗಳು ಸವೆದುಹೋಗುತ್ತವೆ.

ಎಂಜಿನ್ ಸಿಕ್ಕಿದ್ದು ಔರಾದಿನ ಸೀಮೆಯ ಒಂದು ಹಳ್ಳಿಯಲ್ಲಿ. ಕರೆಂಟು ಬರುವ ಮೊದಲು ಅದನ್ನು ಹಿಟ್ಟಿನ ಗಿರಣಿಗೆ ಪಟ್ಟಿ ಕಟ್ಟಿ ಓಡಿಸುತ್ತಿದ್ದರಂತೆ. ಈಗ ಗಿರಣಿಯೂ ನಿಂತುಹೋಗಿತ್ತು. ಮಸಿ ಒರೆಸಿ ನೋಡಿದೆವು: ವಾಲ್ವುಗಳು ಪಕ್ಕದಲ್ಲಿಯೇ ಇದ್ದವು. ಮನೆಯ ಯಜಮಾನರು ಗುಜರಿಯ ತೂಕದ ಬೆಲೆಯನ್ನೇ ಕೇಳಿದರು, ಜೊತೆಗೊಂದು ಕರಾರು ಹಾಕಿದರು: "ನಮ್ಮಪ್ಪ ಇದರ ಸಪ್ಪಳ ಕೇಳೇ ನಿದ್ದಿ ಮಾಡ್ತಿದ್ರು ನೋಡ್ರಿ. ಚಾಲೂ ಆದ ದಿನ ಒಮ್ಮೆ ಇಲ್ಲಿ ತರ್ರಿ." ನಾನು ಒಪ್ಪಿಕೊಂಡೆ.

ಉಳಿದದ್ದು ಬಾನೆಟ್ಟಿನ ಮೇಲಿನ ಲಾಂಛನ. ಆ ಕಾಲದ ಮೋಟಾರುಗಳ ಇಂಥ ಒಡವೆಗಳು ಸತುವಿನ ಎರಕದವು. ವಯಸ್ಸಾದಂತೆ ಸಿಡುಬು ಎದ್ದು ಪುಡಿಯಾಗುತ್ತವೆ. ಸತು ಎಂದೊಡನೆ ಬೀದರಿನವನಿಗೆ ಬೇರೆ ದಾರಿ ತೋಚಬೇಕೆ? ನಮ್ಮ ಬಿದ್ರಿ ಪಾತ್ರೆಯೂ ಸತುವಿಗೆ ತುಸು ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದೇ. ಒಬ್ಬ ಕುಶಲಕರ್ಮಿಯ ಬಳಿ ಮುರುಕನ್ನು ಕೊಂಡೊಯ್ದೆ. ಎರಡೇ ದಿನಗಳಲ್ಲಿ ಹೊಸದನ್ನು ಹೊಯ್ದು ಕೊಟ್ಟು, "ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡ್ಲೇನ್ರಿ?" ಎಂದು ಕೇಳಿದರು. ಬೇಡವೆಂದು ಹೇಳಿ ಬಿಳಿ ಮುಲಾಮು ಹಾಕಿಸಿದೆ.

ಈಗ ಗೆಳೆಯರು ಕೇಳುತ್ತಾರೆ: ನಿನ್ನೆ ಹೊಯ್ದ ಲಾಂಛನ ಹಳೆಯದೆಂದು ಹೇಗೆ ಹೇಳುತ್ತೀ? ಉತ್ತರಕ್ಕಾಗಿ ನಾನು ಮಹಮೂದ್ ಗವಾನನ ಮದರಸಾ ಕಡೆಗೆ ಕೈ ತೋರಿಸುತ್ತೇನೆ. 1472ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಮುಂಭಾಗದ ಒಂದು ಪಾಲು, 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಹೊತ್ತಿ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದೇ ಉಳಿಯಿತು. ಇನ್ನೊಂದನ್ನು ಹೊಸದಾಗಿ ಕಟ್ಟಿ ಹಳೆಯದೆಂದು ಯಾರೂ ತೋರಿಸಲಿಲ್ಲ. ಅದಿಲ್ಲದ ಜಾಗವೇ ನಡೆದದ್ದನ್ನು ಹೇಳುತ್ತದೆ. ಮೋಟಾರನ್ನು ಹಾಗೆ ಅರ್ಧಕ್ಕೆ ಬಿಟ್ಟರೆ ಓಡಲಾರದು. ಹೊಸದನ್ನು ಹಾಕಲೇಬೇಕು, ಆದರೆ ಹೊಸದೆಂದು ಬರೆದಿಡಬೇಕು. ಲಾಂಛನದ ಬೆನ್ನಿಗೆ ಅದನ್ನು ಹೊಯ್ದ ವರ್ಷವನ್ನು ಕೊರೆಸಿದ್ದೇನೆ. ಬಿಚ್ಚಿ ತೆಗೆದ ಅಂಬಾಸಡರ್ ಎಂಜಿನ್ನನ್ನೂ ಮಾರಲಿಲ್ಲ. ತಂದೆಯವರನ್ನು ಅಷ್ಟು ವರ್ಷ ಹೊತ್ತು ತಿರುಗಿದ್ದು ಅದೇ ತಾನೆ?

ಮೊನ್ನೆ ಗಾಡಿ ಔರಾದಿಗೆ ಹೋಗಿಬಂತು. ಯಜಮಾನರು ಕಣ್ಣು ಮುಚ್ಚಿ ಸಪ್ಪಳ ಕೇಳಿದರು. "ಗಿರಣ್ಯಾಗ ಇನ್ನೂ ಜೋರಿತ್ತು" ಎಂದರು.